ಬಟ್ಟಲಿನಲ್ಲಿ ಉಳಿದ ಒಂದು ಹುಣಸೆ ಬೀಜ

ವರ್ಷಕ್ಕೆ ಸಾಲುವಷ್ಟು ಹುಣಸೆಹಣ್ಣನ್ನು ಶಿವರಾತ್ರಿ ದಾಟಿದ ಮೇಲೆ ಒಮ್ಮೆಲೇ ತಂದು, ಬೀಜ ತೆಗೆದು, ಉಪ್ಪು ಹಚ್ಚಿ ಭರಣಿಗೆ ತುಂಬುವುದು ನಮ್ಮ ಮನೆಯ ರೂಢಿ. ಮೊನ್ನೆಯೂ ಹಿತ್ತಲ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದೆ. ಜಜ್ಜಿದ ಹಣ್ಣಿನ ಹುಳಿ ವಾಸನೆ ಮೂಗಿಗೆ ಏರಿ ಕಣ್ಣಂಚು ಚುರುಚುರು ಅನ್ನುತ್ತಿತ್ತು. ಬೀಜ ಹಾಕಲು ಕೈಗೆ ಸಿಕ್ಕ ಸ್ಟೀಲಿನ ಬಟ್ಟಲು ಇಟ್ಟುಕೊಂಡಿದ್ದೆ. ಮೊದಲನೆಯ ಬೀಜ ಟಣ್ ಅಂತ ಬಿತ್ತು ನೋಡ್ರಿ, ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಒಳಗೆ ಗಟ್ಟಿಯಾಗಿ ಓದುತ್ತ ಕೂತಿದ್ದ ಮಗಳು ಅಕ್ಷತಾ ಕೂಡ ಓದು ನಿಲ್ಲಿಸಿದಳು. ಆಕೆ ಈಗ ಏಳನೇ ಇಯತ್ತೆ. ಆಮೇಲೆ ಒಳಗಿನಿಂದಲೇ, "ಅವ್ವಾ, ಪ್ಲಾಸ್ಟಿಕ್ ಬುಟ್ಟಿ ತಗೋ, ಸಪ್ಪಳಾಗೂದಿಲ್ಲ" ಅಂದಳು.

ಬುಟ್ಟಿ ತಂದುಕೊಂಡೆ. ಆದರೆ ನೆನಪು ಅಷ್ಟರಲ್ಲಿ ಎದ್ದು ಕೂತಾಗಿತ್ತು.

ನಾಲ್ಕು ವರ್ಷದ ಹಿಂದಿನ ಮಳೆಗಾಲ ಅದು. ಆಗ ನಾವು ನವನಗರಕ್ಕೆ ಬಂದಿರಲಿಲ್ಲ. ಗೋಪನಕೊಪ್ಪದಲ್ಲಿ ಎರಡು ಖೋಲಿಯ ಬಾಡಿಗೆ ಮನೆ, ಹಿಂದಿನ ಅಡುಗೆಮನೆಗೆ ತಗಡು. ಮಳೆ ಜೋರಾಯಿತೆಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ನಮ್ಮವರಿಗೆ ಊರಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹಿಡಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ನಾನು, ನಮ್ಮ ಅತ್ತೆ, ಮಧ್ಯಾಹ್ನದ ಮೇಲೆ ಸಾಲಿಯಿಂದ ಬರುವ ಅಕ್ಷತಾ. ಅತ್ತೆಗೆ ಅಕ್ಷತಾ 'ಆಯಿ' ಅನ್ನುತ್ತಿದ್ದಳು. ಕೇಳಿ ಕೇಳಿ ಓಣಿಗೆಲ್ಲ ಆಕೆ ಆಯಿಯೇ ಆಗಿದ್ದಳು.

ಅಕ್ಷತಾ ಆಗ ಮೂರನೇ ಇಯತ್ತೆ. ಸಾಲಿ ಸುರುವಾಗಿ ಹದಿನೈದು ದಿನ ಆಗಿರಬೇಕು, ಅಕ್ಕೋರು ನನ್ನನ್ನು ಕರೆಸಿದರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಈ ಅಕ್ಕೋರು ಚಿಕ್ಕ ವಯಸ್ಸಿನವರು, ಹುರುಪಿನವರು. ಮಕ್ಕಳ ಕುಳ್ಳ ಬೆಂಚಿನ ಮೇಲೆ ನನ್ನನ್ನೂ ಕೂಡಿಸಿ ಹೇಳಿದರು:

"ಹುಡುಗಿ ಶಾಣ್ಯಾ ಅದಾಳ್ರಿ. ಓದೂದು, ಬರಿಯೂದು ಏನೂ ತಕರಾರಿಲ್ಲ. ಕೂಡಸೂದೂ ಬರ್ತೈತಿ. ಕಳಿಯೂ ಲೆಕ್ಕ ಬಂತಂದ್ರ ಪೆನ್ಸಿಲ್ ಕಚಗೋತ ಕೂಡ್ತಾಳ. ದಸರಾ ಸೂಟಿ ಬರೂದ್ರೊಳಗ ಸುಧಾರಿಸಲಿಲ್ಲಂದ್ರ, ಗಣಿತದ ತಾಸಿಗಷ್ಟ ಎರಡನೇತ್ತಾ ಹುಡುಗರ ಜೋಡಿ ಕೂಡಸಬೇಕಾಗ್ತೈತಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ."

ನಾನು ಬೇಸರ ಮಾಡಿಕೊಳ್ಳಲಿಲ್ಲ. ಮಾಡಿಕೊಂಡವಳು ಅಕ್ಷತಾ. ಎರಡನೇ ಇಯತ್ತೆಯಲ್ಲಿ ಪಕ್ಕದ ಮನೆ ಶಮೀಮಳ ಮಗ ರೆಹಾನ್ ಇದ್ದ. ಅವನಿಗೆ ಚಡ್ಡಿಯ ಗುಂಡಿ ಹಾಕುವುದನ್ನು ಕಲಿಸಿದವಳೇ ಇವಳು. "ರೆಹಾನನ ಬಾಜೂ ಕೂಡಸ್ತಾರಂತ ನನ್ನ!" ಅಂತ ಅಂಗಳಕ್ಕೆ ಬಂದವಳೇ ಆಯಿಯ ಸೀರೆಯಲ್ಲಿ ಮುಖ ಹುದುಗಿಸಿದಳು. ಅಂದಿನಿಂದ ಗಣಿತದ ತಾಸು ಇದ್ದ ದಿನ ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು. ಓಂಕಾಳಿನ ಕಷಾಯ ಮಾಡಿ ಕೊಡುತ್ತಿದ್ದೆ. ಕುಡಿಯುತ್ತಿದ್ದಳು. ನೋವು ಅದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಅಕ್ಕೋರು ಬರೀ ಹೆದರಿಸಿ ಬಿಡುವವರಾಗಿರಲಿಲ್ಲ. ಪ್ರತಿ ಶನಿವಾರ ಮಕ್ಕಳ ಪಾಟೀಚೀಲದಲ್ಲಿ ಒಂದು ಚೀಟಿ ಕಳಿಸತೊಡಗಿದರು. ಮೇಲೆ 'ಮನೆಯೊಳಗಿನ ಗಣಿತ' ಅಂತ ದುಂಡಗಿನ ಅಕ್ಷರ. ಮನೆಯವರೆಲ್ಲ ಕೂತು ಆಡುವ ಆಟ, ಕೊಂಡು ತರುವಂಥದ್ದು ಏನೂ ಇಲ್ಲ. ಮೊದಲನೆಯ ಚೀಟಿಯಲ್ಲಿ, ಪ್ರತಿಯೊಬ್ಬರೂ ತಮ್ಮ ಗೇಣಿನಿಂದ ಮಂಚ ಅಳೆಯಿರಿ, ಉತ್ತರ ಬೇರೆಬೇರೆ ಯಾಕೆ ಬಂತು ಅಂತ ಮಾತಾಡಿರಿ ಅಂತಿತ್ತು. ನಮ್ಮವರು ಬೂಟು ಬಿಚ್ಚುವುದರೊಳಗೇ ಅಕ್ಷತಾ ಅವರನ್ನು ಹಿಡಿದು ಅಳೆಸಿದಳು. ಅವರಿಗೆ ಎಂಟು ಗೇಣು, ನನಗೆ ಒಂಬತ್ತು, ಆಯಿಗೆ ಹತ್ತು, ತನಗೆ ಹದಿಮೂರು.

"ನನ್ನ ಗೇಣು ರೊಟ್ಟಿ ಬಡದು ಬಡದು ಸವದೈತಿ" ಅಂದಳು ಆಯಿ.

ಬಾಗಿಲಲ್ಲಿ ನಿಂತಿದ್ದ ಶಮೀಮ್, "ಆಯಿ, ನಿಮ್ಮ ಗೇಣಿಲೆ ಅಳದ ಕೊಟ್ರ ಅರಿವಿ ಅಂಗಡಿಯಾಂವ ಖುಷ್ ಆಗ್ತಾನ ನೋಡ್ರಿ!" ಅಂದಳು. ಅಕ್ಷತಾ ತಾನೇ ಲೆಕ್ಕ ಹಾಕಿ, ಗೇಣು ಗಿಡ್ಡ ಆದರೆ ಅರಿವೆಯೂ ಗಿಡ್ಡ ಅಂತ ಎಷ್ಟೋ ಹೊತ್ತಿಗೆ ತಿಳಿದು ಬಿದ್ದು ಬಿದ್ದು ನಕ್ಕಳು.

ಮುಂದಿನ ವಾರ ಅಂಗಿ ಸಿಗಿಸುವ ಹ್ಯಾಂಗರಿನ ಎರಡು ತುದಿಗೆ ಎರಡು ಚೀಲ ಕಟ್ಟಿ ತಕ್ಕಡಿ ಮಾಡುವುದು. ಒಂದು ಉಳ್ಳಾಗಡ್ಡಿಗೆ ಎಷ್ಟು ಬಳ್ಳೊಳ್ಳಿ ಸಮ? ಆಯಿ ತನ್ನ ಕಡೆಯ ಚೀಲವನ್ನು ಕಿರುಬೆರಳಿನಿಂದ ಕೆಳಗೆ ಒತ್ತುತ್ತಿದ್ದಳು. "ಅವ್ವಾ, ಆಯಿ ಮೋಸಾ ಮಾಡಾಕತ್ತಾಳ!" "ಮೋಸಲ್ಲ ತಂಗಿ, ಗಾಳಿ ಐತಿ." ಅದರ ಮುಂದಿನ ವಾರ ರೊಟ್ಟಿಯನ್ನು ಅರ್ಧ, ಕಾಲು ಮಾಡಿ, ಎಷ್ಟು ಕಾಲು ಕೂಡಿದರೆ ಒಂದು ರೊಟ್ಟಿ ಅಂತ ಉಣ್ಣುತ್ತಾ ಹೇಳುವುದು. ಆ ದಿನ ಹುಡುಗಿ ಎಂದಿಗಿಂತ ಒಂದು ರೊಟ್ಟಿ ಹೆಚ್ಚು ಉಂಡಳು. ಹೊರಗೆ ಜಿಟಿಜಿಟಿ ಮಳೆ, ಎರೆಮಣ್ಣಿನ ಕೆಸರು ಹೊಸ್ತಿಲವರೆಗೂ ಬಂದಿತ್ತು. ಹೊಟ್ಟೆನೋವು ಕಡಿಮೆಯಾಗುತ್ತ ಬಂತು. ನನಗೆ ಧೈರ್ಯ ಬಂತು.

ನಾಲ್ಕನೆಯ ಚೀಟಿ ಹುಣಸೆ ಬೀಜದ್ದು. ಬಟ್ಟಲಿಗೆ ಹತ್ತು ಬೀಜ ಹಾಕಿ, ಕೆಲವನ್ನು ಇನ್ನೊಂದು ಬಟ್ಟಲಿಗೆ ತೆಗೆಯಿರಿ, ಉಳಿದದ್ದೆಷ್ಟು ಅಂತ ಮಗು ಹೇಳಲಿ. ನಾಲ್ಕು ತೆಗೆದೆ, ಆರು ಅಂದಳು. ಏಳು ತೆಗೆದೆ, ಮೂರು ಅಂದಳು. ತಡವರಿಸಲಿಲ್ಲ. ಇಷ್ಟು ಬರುವವಳಿಗೆ ಸಾಲಿಯಲ್ಲಿ ಏನಾಗುತ್ತದೆ ಅಂತ ಆಶ್ಚರ್ಯ ಆಯಿತು. ಕೊನೆಗೆ ಹತ್ತಕ್ಕೆ ಹತ್ತೂ ತೆಗೆದೆ.

"ಒಂದು" ಅಂದಳು.

"ಎಲ್ಲೈತಿ ಒಂದು? ನೋಡ, ಎಲ್ಲಾ ತಗದೇನಿ."

ಆಕೆ ಆಚೆ ಬಟ್ಟಲಿನಿಂದ ಒಂದು ಬೀಜ ಎತ್ತಿ ಈಚೆ ಬಟ್ಟಲಿಗೆ ಹಾಕಿದಳು. "ಪೂರಾ ತಗೀಬಾರ್ದವ್ವಾ. ಒಂದರ ಇರಬೇಕು."

ಪಾಟೀಚೀಲದಿಂದ ಗಣಿತದ ವಹಿ ತೆಗೆಸಿ ನೋಡಿದೆ. ನಲವತ್ತೇಳರಲ್ಲಿ ಇಪ್ಪತ್ತೇಳು ಹೋದರೆ ಇಪ್ಪತ್ತೊಂದು. ಮೂವತ್ತೈದರಲ್ಲಿ ಹದಿನೈದು ಹೋದರೆ ಇಪ್ಪತ್ತೊಂದು. ಎಲ್ಲೆಲ್ಲಿ ಏಳರಲ್ಲಿ ಏಳು, ಐದರಲ್ಲಿ ಐದು ಹೋಗುತ್ತದೋ ಅಲ್ಲೆಲ್ಲ ಸೊನ್ನೆಯ ಬದಲು ಒಂದು. ಪಕ್ಕದಲ್ಲಿ ಕೆಂಪು ಗೀಟು. ಪೆನ್ಸಿಲ್ ಕಚ್ಚುತ್ತಿದ್ದದ್ದು ಅಲ್ಲಿ.

ನಾನು ಆಯಿಯ ಮುಖ ನೋಡಿದೆ. ಆಯಿ ಮೊಮ್ಮಗಳ ಮುಖ ನೋಡುತ್ತಿದ್ದಳು, ಹೆಮ್ಮೆಯಿಂದ.

ಯಾಕಂದರೆ ಅದು ಆಯಿಯ ಪಾಠ. ನಮ್ಮ ಮನೆಯಲ್ಲಿ ಜೋಳದ ಡಬ್ಬಿಯ ತಳ ಯಾರೂ ಕೆರೆಯುವಂತಿಲ್ಲ. ಹೊಸ ಜೋಳ ಬರುವತನಕ ತಳದಲ್ಲಿ ಒಂದು ಮುಷ್ಟಿ ಇರಲೇಬೇಕು. ಅದು ಹಳೆಯದಾಗಿ ಹುಳ ಹಿಡಿಯಬಾರದು ಅಂತ ಬೇವಿನ ಎಲೆ ಹಾಕಿ, ಹೊಸ ಜೋಳ ಸುರಿದ ಮೇಲೆ ಅದನ್ನು ಮೇಲಕ್ಕೆ ತಂದು ಬೆರೆಸುವುದು. ರೊಟ್ಟಿ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿಯಬೇಕು. ಅರಿಷಿಣದ ಭರಣಿ ತೊಳೆಯುವಾಗಲೂ ಒಂದು ಚಿಟಿಕೆ ತೆಗೆದಿಟ್ಟು ತೊಳೆಯಬೇಕು. ಸೇರಿನಿಂದ ಜೋಳ ಅಳೆಯುವಾಗ ಅಕ್ಷತಾ ದಿನಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಆಕೆ ಎಣಿಸುವುದನ್ನು ಕಲಿತದ್ದೇ ಆ ಡಬ್ಬಿಯ ಮುಂದೆ. ಪೂರಾ ಖಾಲಿ ಅನ್ನುವುದನ್ನು ಆ ಹುಡುಗಿ ನಮ್ಮ ಮನೆಯಲ್ಲಿ ಕಂಡೇ ಇರಲಿಲ್ಲ.

ಅಕ್ಕೋರಿಗೆ ಹೇಳಿದೆ. ಅವರು ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡರು. "ನಮ್ಮ ಅಮ್ಮನೂ ಹಂಗ ಮಾಡ್ತಿದ್ದಳ್ರಿ" ಅಂದರು. ಆಮೇಲೆ, "ಆದ್ರ ಪೇಪರಿನ್ಯಾಗ ಅದನ್ನ ಬರೋಬ್ಬರಿ ಅಂತ ನಾ ಹೆಂಗ ಮಾರ್ಕ್ ಹಾಕ್ಲಿ? ನೀವು ಹೇಳಿದ್ರ ಆಕಿ ಕೇಳೂದಿಲ್ಲ. ಆಯಿ ಕಡಿಂದನ ಹೇಳಸ್ರಿ. ಕಟ್ಟಿದಾವ್ರ ಬಿಚ್ಚಬೇಕು."

ಆಯಿಯ ಮುಂದೆ ಮಾತು ತೆಗೆಯಲು ನನಗೆ ಎರಡು ದಿನ ಬೇಕಾಯಿತು. ಸೊಪ್ಪು ಸೋಸುತ್ತಾ ಹೇಳಿದೆ. ಆಕೆ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಮೆಂತ್ಯದ ಕಟ್ಟು ಸೋಸಿ ಮುಗಿಸಿ, "ಕೂಸಿಗೆ ತಿಳಿಸಿ ಹೇಳಬೇಕು ಸುಮಾ. ಜ್ವಾಳದ ಮಾತ ಬ್ಯಾರೆ, ಪಾಟೀ ಮ್ಯಾಲಿಂದ ಬ್ಯಾರೆ. ಲಗೂ ಲಗೂ ಹೇಳಿದ್ರ ಎರಡೂ ಕೆಡ್ತಾವು. ಪಂಚಮಿ ಮುಗೀಲಿ, ನಾನ ಹೇಳ್ತೇನಿ" ಅಂದಳು.

ಪಂಚಮಿ ಮುಗಿಯಿತು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ ಆದವು. ಓಣಿಯ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಅಕ್ಷತಾ ರೆಹಾನನನ್ನು ಕೂಡಿಸಿಕೊಂಡು ಜೀಕಿದ್ದೂ ಆಯಿತು. ಮರುದಿನ ಬಿಟ್ಟು ಮರುದಿನ ಬೆಳಿಗ್ಗೆ ಆಯಿ ಕಟ್ಟಿಗೆಯ ಕೊಣಮಿಗೆಯಲ್ಲಿ ರೊಟ್ಟಿ ಹಿಟ್ಟು ನಾದುತ್ತಾ ಕೂತವಳು, "ಸುಮಾ, ಕೈ..." ಅಂದಳು. ಅಷ್ಟೇ. ಬಲಗೈ ಕೊಣಮಿಗೆಯ ಅಂಚಿನಿಂದ ಜಾರಿತು. ಬಾಯಿ ಓರೆಯಾಯಿತು. ಶಮೀಮಳ ಗಂಡ ತನ್ನ ಗ್ಯಾರೇಜಿಗೆ ರಿಪೇರಿಗೆ ಬಂದಿದ್ದ ಯಾರದೋ ಗಾಡಿಯಲ್ಲೇ ದವಾಖಾನೆಗೆ ಒಯ್ದ. ಲಕ್ವಾ ಅಂದರು.

ಜೀವಕ್ಕೇನೂ ಆಗಲಿಲ್ಲ. ತಿರುಗಿ ಮನೆಗೆ ಬಂದಳು. ಬಲಗಾಲು ಎಳೆಯುತ್ತಿತ್ತು, ಬಲಗೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಮಾತು ಮಾತ್ರ ಒಂದೂ ಬರಲಿಲ್ಲ. "ಆಂ... ಆಂ..." ಅನ್ನುವಳು, ನಾವು ನೀರು ಕೊಡುವೆವು, ಅದಲ್ಲ ಅಂತ ಕಣ್ಣು ಮುಚ್ಚುವಳು. ಏನು ಬೇಕಾಗಿತ್ತೋ. ಕೇಳಿ ಕೇಳಿ ಕೊನೆಗೆ ಕೇಳುವುದನ್ನೇ ಬಿಟ್ಟೆವು. ಮೊಮ್ಮಗಳಿಗೆ ಹೇಳಬೇಕಾಗಿದ್ದ ಮಾತೂ ಆ ಮುಚ್ಚಿದ ಬಾಯಿಯೊಳಗೇ ಇತ್ತು.

ಕೈಗೆ ವ್ಯಾಯಾಮ ಹೇಳಿಕೊಡಲು ಒಬ್ಬ ಹುಡುಗಿ ವಾರಕ್ಕೆ ಎರಡು ಸಲ ಬರುತ್ತಿದ್ದಳು. "ಎರಡು ಬಟ್ಟಲಾ ಇಡ್ರಿ. ಒಂದರಾಗ ಹತ್ತು ಕಾಳು ಹಾಕ್ರಿ. ಒಂದೊಂದ ಎತ್ತಿ ಇನ್ನೊಂದಕ್ಕ ಹಾಕಬೇಕು. ದಿನಾ ಮಾಡಸ್ರಿ" ಅಂದಳು. ಅಕ್ಷತಾ ಓಡಿಹೋಗಿ ಚೀಟಿಯ ಆಟಕ್ಕೆ ಇಟ್ಟಿದ್ದ ಹುಣಸೆ ಬೀಜದ ಪೊಟ್ಟಣ ತಂದಳು. ಅವೇ ಬೀಜ, ಅವೇ ಬಟ್ಟಲು.

ಮೊದಲ ವಾರ ಒಂದು ಬೀಜ ಎತ್ತಲು ಹತ್ತು ನಿಮಿಷ ಹಿಡಿಯುತ್ತಿತ್ತು. ಬೆರಳು ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ಬಿಚ್ಚುತ್ತಿರಲಿಲ್ಲ. ಅಕ್ಷತಾ ಎದುರಿಗೆ ಕೂತು ಲೆಕ್ಕ ಹೇಳುವಳು. "ಆಯಿ, ಎರಡ ಹೋದ್ವು, ಎಂಟ ಅದಾವು. ಮೂರ ಹೋದ್ವು, ಏಳ ಅದಾವು." ಶ್ರಾವಣ ಮುಗಿಯುವ ಹೊತ್ತಿಗೆ ಆಯಿ ಒಂಬತ್ತು ಬೀಜ ದಾಟಿಸತೊಡಗಿದಳು. ಒಂಬತ್ತಾದ ಮೇಲೆ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳುವಳು. ಒಂದು ಬೀಜ ಬಟ್ಟಲಿನಲ್ಲೇ.

"ದಣದಾರ" ಅಂದಳು ವ್ಯಾಯಾಮದ ಹುಡುಗಿ.

"ದಣದಿಲ್ಲ. ಆಯಿ ಬೇಕಂತನ ಬಿಟ್ಟಾಳ" ಅಂದಳು ಅಕ್ಷತಾ.

ನನಗೂ ಅನುಮಾನ. ಮರುದಿನ ಆರೇ ಬೀಜ ಹಾಕಿದೆ. ಐದು ಎತ್ತಿ ಕೈ ತೆಗೆದಳು. ಅದರ ಮರುದಿನ ಹನ್ನೆರಡು ಹಾಕಿದೆ. ಬೆವರುತ್ತಾ ಹನ್ನೊಂದು ಎತ್ತಿದಳು, ಒಂದನ್ನು ಬಿಟ್ಟಳು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ದುಃಖಕ್ಕಲ್ಲ. ಆಕೆ ಒಳಗೆ ಇದ್ದಳು. ಮಾತಿಲ್ಲ, ಕತೆಯಿಲ್ಲ, ಆದರೆ ಒಳಗೆ ಕೂತು ಮನೆಯ ರೂಢಿ ನಡೆಸುತ್ತಿದ್ದಳು. ಸಂಜೆ ನಮ್ಮವರಿಗೆ ಹೇಳಿದರೆ, ಅವರು ತಾಯಿಯ ಮಂಚದ ಹತ್ತಿರ ಹೋಗಿ ಆ ಬಟ್ಟಲನ್ನು ಎತ್ತಿ, ಆ ಒಂದು ಬೀಜವನ್ನು ಬಹಳ ಹೊತ್ತು ನೋಡಿದರು.

ಈ ಕಡೆ ಸಾಲಿಯಲ್ಲಿ ದಿನ ಹತ್ತಿರ ಬರುತ್ತಿತ್ತು. ಅಕ್ಕೋರು ಒಂದು ತಾಲೀಮು ಪರೀಕ್ಷೆ ಕೊಟ್ಟರು. ಸೊನ್ನೆ ಬರುವ ಲೆಕ್ಕಗಳೆಲ್ಲ ತಪ್ಪು. ಈಗಂತೂ ಹುಡುಗಿಗೆ ಸಾಕ್ಷಿಯೇ ಸಿಕ್ಕಿತ್ತು, ಆಯಿ ದಿನಾ ತೋರಿಸಿಕೊಡುತ್ತಿದ್ದಳು. "ಸುಮಾ ಅವ್ರ, ಇನ್ನ ಮೂರ ವಾರ" ಅಂದರು ಅಕ್ಕೋರು. ಅವರ ಮುಖದಲ್ಲಿಯೂ ಕಳೆ ಇರಲಿಲ್ಲ.

ಮಗಳನ್ನು ಕೂಡಿಸಿಕೊಂಡು ತಲೆ ಬಾಚುತ್ತಾ ಹೇಳಿದೆ. "ಅಕ್ಕೂ, ಸಾಲ್ಯಾಗ ಸೊನ್ನಿ ಬರಿ. ಮನ್ಯಾಗ ಒಂದ ಇರ್ಲಿ."

"ಎರಡರಾಗ ಖರೇ ಯಾವುದವ್ವಾ?"

ಹಣಿಗೆ ಬದಿಗಿಟ್ಟು ಜಡೆ ಹೆಣೆಯತೊಡಗಿದೆ.

ಆಗ ನಾನೊಂದು ಕೆಲಸ ಮಾಡಿದೆ. ಅಕ್ಷತಾ ಸಾಲಿಗೆ ಹೋದಾಗ ಆಯಿಯ ಮುಂದೆ ಬಟ್ಟಲು ಇಟ್ಟುಕೊಂಡು ಕೂತೆ. "ಅತ್ತಿ, ಅಕ್ಕೂಗ ನೀವು ಹೇಳ್ತೇನಿ ಅಂದಿದ್ರಿ. ಈಗ ಹೇಳಾಕ ಆಗೂದಿಲ್ಲ. ಒಂದ ಸಲ, ಒಂದ ಸಲ ಬಟ್ಟಲಾ ಪೂರಾ ಖಾಲಿ ಮಾಡಿ ತೋರಸ್ರಿ. ಹುಡುಗಿ ಸಲುವಾಗಿ." ಆಯಿ ನನ್ನನ್ನೇ ನೋಡಿದಳು. ಕೊನೆಯ ಬೀಜವನ್ನು ನಾನೇ ಬೆರಳಿನಿಂದ ತೋರಿಸಿದೆ. ಆಕೆ ಎಡಗೈ, ಆ ಗಟ್ಟಿ ಇದ್ದ ಕೈ, ಎತ್ತಿ ಬಟ್ಟಲಿನ ಬಾಯಿ ಮುಚ್ಚಿದಳು. ಒಲ್ಲೆ ಅಂದಳೋ, ಸಾಕಾಗಿದೆ ಅಂದಳೋ, ಯಾರಿಗೆ ಗೊತ್ತು. ನಾನು ಮತ್ತೆ ಕೇಳಲಿಲ್ಲ.

ಗಣಪತಿ ಕಳಿಸಿದ ಮೇಲೆ ಆಯಿಗೆ ಜ್ವರ ಬಂತು. ಎರಡು ದಿನ ಕಣ್ಣು ತೆರೆಯಲಿಲ್ಲ, ಗಂಜಿಯೂ ಗಂಟಲಿಗೆ ಇಳಿಯಲಿಲ್ಲ. ಡಾಕ್ಟರು ಬಂದು ನೋಡಿ, ತಲೆಯೊಳಗೆ ಮೊದಲಿನಂಥದ್ದೇ ಇನ್ನೊಂದು ಸಣ್ಣ ಆಘಾತ ಆಗಿರಬಹುದು, ಈ ವಯಸ್ಸಿಗೆ ಹೆಚ್ಚೇನೂ ಮಾಡಲಿಕ್ಕೆ ಬರುವುದಿಲ್ಲ ಅಂದರು. ಮೂರನೆಯ ದಿನ ಎದ್ದು ಕೂತಳು. ಜ್ವರ ಇಳಿದಿತ್ತು. ಬಲಗೈ ಮೊದಲಿಗಿಂತಲೂ ಚುರುಕಾಗಿದೆ ಅನ್ನಿಸಿತು. ಬಟ್ಟಲು ಇಟ್ಟೆವು. ಅಕ್ಷತಾ ಲೆಕ್ಕ ಸುರು ಮಾಡಿದಳು. "ಎಂಟ ಹೋದ್ವು, ಎರಡ ಅದಾವು. ಒಂಬತ್ತ ಹೋದ್ವು, ಒಂದ..."

ಆಯಿ ಹತ್ತನೆಯದನ್ನೂ ಎತ್ತಿದಳು. ಆಚೆ ಬಟ್ಟಲಿಗೆ ಹಾಕಿದಳು. ಟಣ್.

ಅಕ್ಷತಾಳ ಬಾಯಿ ತೆರೆದೇ ಇತ್ತು. ಖಾಲಿ ಬಟ್ಟಲು ನೋಡಿದಳು, ಆಯಿಯನ್ನು ನೋಡಿದಳು, ನನ್ನನ್ನು ನೋಡಿದಳು. ಆ ದಿನ ಬಂದಿದ್ದ ವ್ಯಾಯಾಮದ ಹುಡುಗಿ ಚಪ್ಪಾಳೆ ಹೊಡೆದಳು. "ಅಯ್ಯ ಶಾಬಾಸ್ ಆಯಿ! ಹತ್ತಕ್ಕ ಹತ್ತು!" ಶಮೀಮ್ ಸಕ್ಕರೆ ತಂದು ಎಲ್ಲರ ಬಾಯಿಗೂ ಹಾಕಿದಳು. ನಾನೂ ನಕ್ಕೆ, ನಗಬೇಕಲ್ಲ. ಆಯಿಯ ಕಣ್ಣಲ್ಲಿ ಏನಾದರೂ ಕಾಣುತ್ತದೋ ಅಂತ ಹುಡುಕಿದೆ. ಮಳೆ ನಿಂತ ಕಿಟಕಿಯ ಕಡೆ ನೋಡುತ್ತಾ ಸಕ್ಕರೆ ಚೀಪುತ್ತಿದ್ದಳು. ರೂಢಿ ಮರೆತಿದ್ದಳೋ, ನನ್ನ ಮಾತು ನಡೆಸಿಕೊಟ್ಟಳೋ? ಮರೆತಿದ್ದರೆ ಆಕೆ ಒಳಗಿನಿಂದ ಎದ್ದು ಹೋಗಿದ್ದಳು. ನಡೆಸಿಕೊಟ್ಟಿದ್ದರೆ, ಜೀವಮಾನವೆಲ್ಲ ಕಾಯ್ದುಕೊಂಡದ್ದನ್ನು ನಾನು ಕೇಳಿದೆನೆಂದು ಬಿಟ್ಟುಕೊಟ್ಟಿದ್ದಳು. ಎರಡರಲ್ಲಿ ಯಾವುದನ್ನು ಬೇಡಿಕೊಳ್ಳಬೇಕು ಅಂತ ನನಗೆ ತಿಳಿಯಲಿಲ್ಲ.

ಅಂದಿನಿಂದ ದಿನಾ ಹತ್ತೂ ಬೀಜ ಎತ್ತುತ್ತಿದ್ದಳು. ಒಂದು ದಿನವೂ ಒಂದನ್ನು ಬಿಡಲಿಲ್ಲ.

ಪರೀಕ್ಷೆ ಆಯಿತು. ದಸರಾ ಸೂಟಿ ಬಿಡುವ ದಿನ ಅಕ್ಕೋರು ಸಾಲಿಯ ಗೇಟಿನ ತನಕ ಬಂದು ಪೇಪರು ಕೈಯಲ್ಲಿಟ್ಟರು. "ಎಲ್ಲಾ ಬರೋಬ್ಬರಿ! ಒಂದೂ ತಪ್ಪಿಲ್ಲ ನೋಡ್ರಿ. ಇನ್ನ ಯಾರ ಬಾಜೂನೂ ಕೂಡೂದ ಬ್ಯಾಡ. ಆಯಿ ಹೇಳಿದ್ರೇನ್ರಿ ಕಡೀಕ?" ಹಾಳೆ ತೆರೆದೆ. ಬುಟ್ಟಿಯಲ್ಲಿ ಆರು ರೊಟ್ಟಿ ಇದ್ದವು, ಆರೂ ರೊಟ್ಟಿ ಉಂಡರು, ಉಳಿದದ್ದೆಷ್ಟು? ಪಕ್ಕದಲ್ಲಿ ಸೊನ್ನೆ. ಸಣ್ಣದು, ಗುಂಡಗೆ, ಒತ್ತಿ ಬರೆದದ್ದು. ಹಾಳೆಯ ಹಿಂಬದಿಗೂ ಅದರ ಗುರುತು ಮೂಡಿತ್ತು.

"ಹೂನ್ರಿ, ಹೇಳಿದ್ರು" ಅಂದೆ.

ಕೆಸರು ದಾಟಿಸುತ್ತಾ ಕೈ ಹಿಡಿದು ಕರೆದುಕೊಂಡು ಬಂದೆ. ದಾರಿಯಲ್ಲಿ ಅಕ್ಷತಾ ಕುಣಿಯಲೂ ಇಲ್ಲ, ರೆಹಾನನಿಗೆ ಹೇಳುತ್ತೇನೆ ಅಂತ ಓಡಲೂ ಇಲ್ಲ. ಮನೆಗೆ ಬಂದು ಕೈಕಾಲು ತೊಳೆದು ಆಯಿಯ ಮಂಚದ ಮುಂದೆ ಬಟ್ಟಲು ಇಟ್ಟಳು. ಹತ್ತು ಬೀಜ ಎಣಿಸಿ ಹಾಕಿದಳು. ಲೆಕ್ಕ ಮಾತ್ರ ಹೇಳಲಿಲ್ಲ. ಆಯಿ ಒಂದೊಂದಾಗಿ ಎತ್ತಿದಳು. ಹತ್ತನೆಯದೂ ಹೋಯಿತು.

ಅಕ್ಷತಾ ನನ್ನ ಕಡೆ ತಿರುಗಿ ನೋಡಿದಳು. ನಾನು ಬಟ್ಟೆ ಮಡಿಸುವವಳ ಹಾಗೆ ತಲೆ ತಗ್ಗಿಸಿದೆ. ಆಕೆ ಆಚೆ ಬಟ್ಟಲಿನಿಂದ ಒಂದು ಬೀಜ ತೆಗೆದು, ಸಪ್ಪಳಾಗದಂತೆ, ಈಚೆ ಬಟ್ಟಲಿನ ತಳಕ್ಕೆ ಇಟ್ಟಳು.

ಆಯಿ ಅದನ್ನು ನೋಡಿದಳು. ಬೆರಳು ಚಾಚಿ ಅದನ್ನೂ ಎತ್ತಿ ಹಾಕಿದಳು. ಟಣ್.

ಅಕ್ಷತಾ ಮತ್ತೆ ಇಟ್ಟಳು. ಆಯಿ ಮತ್ತೆ ಎತ್ತಿದಳು. ಟಣ್.

"ಇರ್ಲಿ ಬಿಡ ಆಯಿ, ಒಂದ ಇರ್ಲಿ" ಅಂತ ಮೆಲ್ಲಗೆ ಅಂದದ್ದು ಕೇಳಿಸಿತು. ನಾನು ಎದ್ದು ಹೋಗಿ ರೊಟ್ಟಿಗೆ ಎಸರು ಇಟ್ಟೆ. ಮಳೆ ಇರಲಿಲ್ಲ, ತಗಡು ಸುಮ್ಮನಿತ್ತು, ಹೊರಖೋಲಿಯಿಂದ ಬೀಜ ಬೀಳುವ ಸದ್ದು ಸ್ವಚ್ಛ ಕೇಳುತ್ತಿತ್ತು. ಎಷ್ಟು ಸಲ ಬಿತ್ತೆಂದು ನಾನು ಎಣಿಸಲಿಲ್ಲ.